ಅಮಾವಾಸ್ಯೆಯ ಪ್ರಾಕ್ಸಿ

"ನಾಲ್ಕು ಅಮಾಸಿ ಆತು. ಈಕಿ ಒರಸಿದ ದಿನನ ಈ ಡಬ್ಬಿ ಸಾಯ್ತೈತಿ," ಎಂದರು ಗುರುಪುತ್ರಪ್ಪ. "ಕೈಗುಣ ಅಂತ ಒಂದ ಇರತೈತಿ ನೋಡ್ರಿ. ಮಾಯಕ್ಕಾ, ಇವತ್ತ ಸಂಜಿತನಕ ಇರು. ನಾಳಿಂದ ಬರಬ್ಯಾಡ."

ಮಾಯಕ್ಕ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗುರುಪುತ್ರಪ್ಪನವರ ಎರಕದ ಕಾರ್ಖಾನೆಯ ಆಫೀಸಿನಲ್ಲಿ ಕಸ ಹೊಡೆಯಲು, ಚಹಾ ಕೊಡಲು ಸೇರಿ ಆಕೆಗೆ ಎರಡು ವರ್ಷವಾಗಿತ್ತು. ಗುಂಜಿಯಿಂದ ದಿನವೂ ರೈಲಿನಲ್ಲಿ ಬೆಳಗಾವಿಗೆ ಬರುತ್ತಿದ್ದಳು. ಸಾವಕಾರರ ಮುಂದೆ ಇಲ್ಲಿಯವರೆಗೆ ಆಡಿದ ಮಾತೆಂದರೆ "ಹೂಂನ್ರಿ", "ಇಲ್ರಿ" ಎರಡೇ.

ಮಹಾಂತೇಶ ನಗರದಿಂದ ರಿಪೇರಿಗೆ ಬಂದಿದ್ದ ಕುನಾಲ, ಮೇಜಿನ ಮೇಲಿನ ಬಿಳಿ ಕಂಪ್ಯೂಟರ್ ಡಬ್ಬಿಯ ಮುಂದೆ ಬಹಳ ಹೊತ್ತಿನಿಂದ ಕುಳಿತಿದ್ದ. ಡಬ್ಬಿಯ ಹಣೆಗೆ ಹೊಸ ವಿಭೂತಿ, ಕುಂಕುಮ. ಮೇಲೊಂದು ಚೆಂಡುಹೂವಿನ ಮಾಲೆ. ಅಮಾವಾಸ್ಯೆಗೊಮ್ಮೆ ಕಾರ್ಖಾನೆಯ ಎಲ್ಲ ಯಂತ್ರಗಳನ್ನು ಒರೆಸಿ ಪೂಜೆ ಮಾಡುವುದು ರೂಢಿ. ಈ ಡಬ್ಬಿ ಬಂದ ಮೇಲೆ ಅದಕ್ಕೂ ಪೂಜೆ. ಇವತ್ತು ಹತ್ತು ಗಂಟೆಗೆ ಪೂಜೆ ಮುಗಿದಾಗಿನಿಂದ ಹೊರಗಿನ ಹಾಲ್‌ನಲ್ಲಿರುವ ಆರು ಕಂಪ್ಯೂಟರುಗಳಲ್ಲಿ ಒಂದಕ್ಕೂ ಮೇಲ್ ಬರುತ್ತಿರಲಿಲ್ಲ.

"ಇದು ಬಾಗಲಾ ಕಾಯೋ ಮಶೀನ್ರಿ," ಎಂದ ಕುನಾಲ. "ಪ್ರಾಕ್ಸಿ, ಫೈರ್‌ವಾಲ್ ಎರಡೂ ಇದರಾಗನ ಅದಾವ. ನಿಮ್ಮ ಕಂಪ್ಯೂಟರ್ ಹೊರಗ ಹೋಗೂದು ಇದರ ಮೂಲಕನ. ಯಾರನ್ನ ಬಿಡಬೇಕು, ಯಾರನ್ನ ಬಿಡಬಾರದು ಅಂತ ಇದಕ್ಕ ಹುಕುಂ ಬರದಿಟ್ಟಾರ. ಎಲ್ಲಾ ಓದೀನಿ, ಒಂದೂ ತಪ್ಪಿಲ್ಲ. ಆದ್ರೂ ಎಲ್ಲಾರನೂ ತಡದ ನಿಂದರಸೈತಿ. ಹಿಂದಿನಾವ ಏನ ಮಾಡತಿದ್ದ?"

"ಎಲ್ಲಾ ಅಳಿಸಿ ಹೊಸದಾಗಿ ಹಾಕಿ ಹೋಗತಿದ್ದ. ಮುಂದಿನ ಅಮಾಸಿತನಕ ಛಲೋ ಇರತಿತ್ತು."

"ಒರಸಿದ್ದಕ್ಕ ಕೆಡಂಗಿಲ್ರಿ ಇದು."

"ಈಕಿ ಒರಸೋ ಅರಿವಿ ನೀವು ನೋಡಿಲ್ಲ. ಹಿಂಡಿದ್ರ ಒಂದ ಗಡಿಗಿ ತುಂಬತೈತಿ!"

ಹಾಲ್‌ನಲ್ಲಿ ಯಾರೋ ನಕ್ಕರು. ಮಾಯಕ್ಕ ಕುನಾಲನ ಪಕ್ಕ ಕಪ್ಪು ಇಟ್ಟಳು. ರೈಲು ಹಿಡಿಯುವವರ ಕಣ್ಣು ಎಲ್ಲಿಗೆ ಹೋದರೂ ಮೊದಲು ಗಡಿಯಾರವನ್ನೇ ಹುಡುಕುತ್ತದೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇತ್ತು. ಡಬ್ಬಿಗೆ ಜೋಡಿಸಿದ್ದ ಪರದೆಯ ಮೂಲೆಯಲ್ಲಿ ಮಾತ್ರ 01:40. ಆಕೆ ಬಾಗಿಲವರೆಗೆ ಹೋಗಿ ನಿಂತಳು. ಹೇಗೂ ನಾಳೆಯಿಂದ ಬರಬೇಡ ಅಂದಾಗಿದೆ, ಇನ್ನೇನು ಅಂದಾರು?

"ಅದರಾಗಿನ ತಾಸು ತಪ್ಪೈತ್ರಿ," ಎಂದಳು.

ಯಾರಿಗೂ ಕೇಳಿಸಲಿಲ್ಲ. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಅಂದಳು. ಕುನಾಲನ ಕಪ್ಪು ಬಾಯಿಯ ಹತ್ತಿರವೇ ನಿಂತಿತು. ಅದನ್ನು ಕೆಳಗಿಟ್ಟು ಪಟಪಟನೆ ಏನೋ ಒತ್ತಿದ. ಪರದೆಯ ಮೇಲೆ ತಾರೀಖು ಮೂಡಿತು: 1980ರ ಜನವರಿ ಒಂದು, ರಾತ್ರಿ ಒಂದು ನಲವತ್ತು.

"ಸಾವಕಾರ್ರ, ಮುಂಜಾನೆ ಒಂಬತ್ತರಿಂದ ಸಂಜಿ ಆರರ ತನಕ ಅಷ್ಟ ಬಿಡು ಅಂತ ಇದಕ್ಕ ಹೇಳಿಸಿದವರು ಯಾರು?"

"ನಾನ. ಇಲ್ಲಾಂದ್ರ ಈ ಮಂದಿ ಹೊತ್ತು ಮುಳಗಿದ ಮ್ಯಾಲೂ ಕುಂತು ಸಿನಿಮಾದವರ ಫೋಟೋ ನೋಡತಾರ."

"ಈಗ ಇದರ ಲೆಕ್ಕದಾಗ ನಡುರಾತ್ರಿ. ನೀವು ಹೇಳಿದಂಗ ಬಾಗಲಾ ಹಾಕ್ಕೊಂಡ ಕುಂತೈತಿ."

ಕುನಾಲ ಡಬ್ಬಿಯನ್ನು ಬಂದ್ ಮಾಡಿ, ಮಾಲೆ ತೆಗೆದಿಟ್ಟು ಮುಚ್ಚಳ ಬಿಚ್ಚಿದ. ಒಳಗಿನಿಂದ ನಾಣ್ಯದಷ್ಟು ಅಗಲದ ಒಂದು ಸೆಲ್ ಕಿತ್ತು ತೋರಿಸಿದ. "ಇದು ಸತ್ತೈತಿ. ಕರೆಂಟ್ ಇರೂತನಕ ಗೊತ್ತಾಗಂಗಿಲ್ಲ. ಪ್ಲಗ್ ಕಿತ್ತ ಕೂಡಲೇ ತಾಸು, ತಾರೀಖು ಎಲ್ಲಾ ಮರೀತೈತಿ. ಹಿಂದಿನಾವ ಹೊಸದಾಗಿ ಹಾಕುವಾಗ ತಾಸೂ ಸರಿ ಮಾಡತಿದ್ದ, ಅದಕ್ಕ ನಡೀತಿತ್ತು. ಪೂಜಿ ದಿನ ಪ್ಲಗ್ ಕೀಳೋರು ಯಾರು?"

ಮಾಯಕ್ಕ ನೆಲ ನೋಡಿದಳು. ಗುರುಪುತ್ರಪ್ಪ ಟೊಪ್ಪಿಗೆ ಸರಿಮಾಡಿಕೊಂಡರು.

"ಪೂಜಿಗೆ ಮೊದಲ ಮಶೀನಿಗೆ ಸ್ವಲ್ಪ ವಿಶ್ರಾಂತಿ ಬೇಕಲ್ಲ," ಎಂದರು. "ನಾನ ಕೀಳತೇನಿ. ನನ್ನ ಕೈಲೇನ."

"ಕೈಗುಣ," ಎಂದು ಹಾಲ್‌ನಿಂದ ಸಣ್ಣ ದನಿ ಬಂತು. ಕುನಾಲ ಅವಸರವಾಗಿ ಡಬ್ಬಿಯೊಳಗೆ ತಲೆ ಹಾಕಿದ.

ಕುನಾಲ ಚೀಲದಿಂದ ಹೊಸ ಸೆಲ್ ತೆಗೆದು ಕೂಡಿಸಿ, ಡಬ್ಬಿಯನ್ನು ಮತ್ತೆ ಚಾಲೂ ಮಾಡಿದ ಮೇಲೆ ಗುರುಪುತ್ರಪ್ಪ ಮೆಲ್ಲಗೆ ಅಂದರು, "ಪೂಜಿ ಬಿಡಾಕ ಆಗಂಗಿಲ್ಲ ನೋಡ್ರಿ."

"ಬಿಡಬ್ಯಾಡ್ರಿ. ಆದ್ರ ಈ ಸೆಲ್ಲೂ ಎಂದರ ಸಾಯೂದ. ಪೂಜಿ ಆದಮ್ಯಾಲ ಯಾರರ ಒಬ್ಬರು ತಾಸು ನೋಡಬೇಕು, ತಪ್ಪಿದ್ರ ಸರಿ ಮಾಡಬೇಕು. ಯಾರಿಗೆ ಕಲಸ್ಲಿ?"

ಸಾವಕಾರರು ಹಾಲ್‌ನತ್ತ ನೋಡಿದರು. ಆರು ತಲೆಗಳು ಆರು ಪರದೆಗಳಿಗೆ ಬಾಗಿದವು.

"ಮಾಯಕ್ಕ ನೋಡಲಿ," ಎಂದರು ಗೋಡೆಯ ಕಡೆ ತಿರುಗಿ. "ಹೆಂಗೂ ನಾಳೆ ಬರತಾಳಲ್ಲ."

"ಓದಾಕ ಬರತೈತೇನ್ರಿ ಅಕ್ಕಾರ?" ಕುನಾಲ ಕೇಳಿದ.

"ಸಾಲಿಗೆ ಏಳನೆತ್ತಾ ತನಕ ಹೋಗೀನ್ರಿ. ಅಂಕಿ ಬರತಾವ್ರಿ. ಇಂಗ್ಲೀಷ್ ಅಕ್ಷರಾನೂ."

ಕುನಾಲ ಎದ್ದು ಕುರ್ಚಿ ಬಿಟ್ಟುಕೊಟ್ಟ. ಆಕೆ ಅದರ ಅಂಚಿನಲ್ಲಿ ಕುಳಿತು, ಸೆರಗಿಗೆ ಬೆರಳೊರೆಸಿಕೊಂಡು, ಅವನು ಹೇಳಿದಂತೆ ಒಂದೊಂದೇ ಗುಂಡಿ ಒತ್ತಿದಳು. ತಿಂಗಳು, ದಿನ, ತಾಸು, ನಿಮಿಷ, ಕೊನೆಗೆ 2001. ಸ್ವಲ್ಪ ಹೊತ್ತಿಗೆ ಹಾಲ್‌ನಲ್ಲಿ ಒಂದು ಕಂಪ್ಯೂಟರು ಟಿಣ್ ಎಂದಿತು. ಅದರ ಹಿಂದೆ ಇನ್ನೊಂದು. "ಬಂತ್ರೀ! ಮೇಲ್ ಬಂತು!"

ಕುನಾಲ ಡಬ್ಬಿಗೆ ಹೊಸ ಪಾಸ್‌ವರ್ಡ್ ಹಾಕಿ, ಅದನ್ನು ಒಂದು ಚೀಟಿಯಲ್ಲಿ ಬರೆದ. ಗುರುಪುತ್ರಪ್ಪ ಕೈ ಚಾಚಿದರು.

"ಬ್ಯಾಡ್ರಿ ಸಾವಕಾರ್ರ. ಡಬ್ಬಿ ನೋಡಿಕೊಳ್ಳೋರಿಗೆ ಅಷ್ಟ ಇದು ಗೊತ್ತಿರಬೇಕು," ಎಂದು ಚೀಟಿಯನ್ನು ಮಾಯಕ್ಕನಿಗೆ ಕೊಟ್ಟ. "ಬಾಯಿಪಾಠ ಮಾಡ್ರಿ. ಆಮ್ಯಾಲ ಹರದ ಒಗೀರಿ."

ಮಾಯಕ್ಕ ತುಟಿ ಅಲುಗಿಸುತ್ತ ಮೂರು ಸಲ ಓದಿಕೊಂಡಳು. ಕಣ್ಣು ಮುಚ್ಚಿ ನಾಲ್ಕನೆಯ ಸಲ ಅಂದುಕೊಂಡಳು. ಆಮೇಲೆ ಚೀಟಿಯನ್ನು ಸಣ್ಣ ಸಣ್ಣ ಚೂರು ಮಾಡಿದಳು. ಸಾವಕಾರರ ಕೈ ಇನ್ನೂ ಚಾಚಿಯೇ ಇತ್ತು.