ಮೂರನೆಯ ಹಾಡು

“ನಮ್ಮನೆಯವರು ಜೀವದ ಹಾಗೆ ನೋಡ್ಕೊಂಡಿದ್ದ ಬ್ಲೂಸ್ ಹಾಡಿನ ರೆಕಾರ್ಡು ಈಗ್ಯಾಕೋ ಒಂದು ಕಡೆ ನಿಂತು ಹಾಡಿದ್ದನ್ನೇ ಹಾಡುತ್ತೆ ಅಣ್ಣಾ. ನಿಮ್ಮ ಹತ್ರಾನೂ ಅದೇ ಇದೆಯಲ್ಲ, ಸ್ವಲ್ಪ ಹಾಕ್ತೀರಾ?”

ತೀರಿಕೊಂಡ ಗೆಳೆಯನ ಹೆಂಡತಿ ಮನೆಗೆ ಬಂದು ಹೀಗೆ ಕೇಳಿದ್ದೇ ಅವನು ತನ್ನ ರೆಕಾರ್ಡುಗಳ ಕಪಾಟಿನತ್ತ ನೋಡಿದ. ಅವರ ಮನೆಗೆ ಹದಿಮೂರನೆಯ ದಿನದ ಊಟಕ್ಕೆ ಹೋದಾಗ, ಗೀರು ಬಿದ್ದ ತನ್ನ ರೆಕಾರ್ಡನ್ನು ಅಲ್ಲಿಟ್ಟು ಗೆಳೆಯನದನ್ನು ಎತ್ತಿಕೊಂಡು ಬಂದವನು ಅವನೇ.

ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಎರಡು ಹಾಡು ಮುಗಿದವು.

ಮೂರನೆಯ ಹಾಡಿನ ನಡುವೆ, ಹದಿನೈದು ವರ್ಷದ ರೂಢಿಯಂತೆ, ಅವನು ತಟ್ಟನೆ ಎದ್ದು ಮುಳ್ಳನ್ನು ಮುಂದೆ ತಳ್ಳಲು ಬೆರಳು ಚಾಚಿದ. ಹಾಡು ಎಲ್ಲೂ ನಿಲ್ಲದೆ ಸಾಗಿತು.

ಅವಳು ಕಣ್ಣು ತೆರೆದಳು.

“ಕೂತ್ಕೊಳ್ಳಿ ಅಣ್ಣಾ. ಇದೇ ಜಾಗದಲ್ಲಿ ನಿಲ್ಲೋ ರೆಕಾರ್ಡು ಈಗ ನಮ್ಮನೇಲಿದೆ.”