ಬಿಡಿ ಮೊದಲು

ಅತೀಯಾ ಮೂರನೆಯ ಸಲವೂ ಇಪ್ಪತ್ನಾಲ್ಕನ್ನು 42 ಎಂದೇ ಬರೆದಳು. ಬರೆದು, ಸರಿಯಾಯಿತಲ್ಲ ಎನ್ನುವಂತೆ ಸ್ಲೇಟನ್ನು ಎತ್ತಿ ಹಿಡಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗದಗದಿಂದ ಬಂದು ಶಿಕ್ಷಕಿಯಾಗಲು ಓದುತ್ತಿದ್ದ ಶಶಿರೇಖಾ ಎರಡು ವಾರದಿಂದ ಈ ಎರಡನೇ ತರಗತಿಗೆ ಅಭ್ಯಾಸ ಪಾಠ ಮಾಡುತ್ತಿದ್ದಳು. ಈ ಹುಡುಗಿಗೆ ಇನ್ನು ಹೇಗೆ ಹೇಳಿಕೊಡಬೇಕೋ ಅವಳಿಗೆ ತೋಚಲಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ತರಗತಿಯ ಶಿಕ್ಷಕಿ ದಾಕ್ಷಾಯಣಿ ಶಶಿರೇಖಾಳನ್ನು ಹೊರಗೆ ಕರೆದರು.

“ನಾಳೆ ನಿಮ್ಮ ಕಾಲೇಜಿನ ಸರ್ ಪಾಠ ನೋಡೋಕೆ ಬರ್ತಾರಲ್ಲ, ಈ ಹುಡುಗೀನ ಒಂದ್ ಪಿರಿಯಡ್ ಒಂದನೇ ಕ್ಲಾಸಲ್ಲಿ ಕೂರಿಸ್ಬಿಡಿ. ಅವಳನ್ನೇ ಎಬ್ಬಿಸಿ ಕೇಳಿದ್ರೆ ನಿಮ್ಮ ಮಾರ್ಕ್ಸ್ ಹೋಯ್ತು ಅಂತ ಇಟ್ಕೊಳಿ.”

“ಆತ್ರೀ ಮೇಡಂ,” ಎಂದಳು ಶಶಿರೇಖಾ. ದಾಕ್ಷಾಯಣಿ ಕೆಟ್ಟವರೇನಲ್ಲ, ಅವಳ ಒಳ್ಳೆಯದಕ್ಕೇ ಹೇಳಿದ್ದರು. ಆದರೂ ಒಪ್ಪಿಕೊಂಡ ಆ ಒಂದು ಮಾತು ಸಂಜೆಯವರೆಗೂ ಅವಳನ್ನು ಚುಚ್ಚುತ್ತಲೇ ಇತ್ತು.

ಶಾಲೆ ಬಿಟ್ಟಮೇಲೆ ಬಾಗಲೂರಿನ ಬಸ್ಸಿಗೆ ಹೊರಟವಳು ಗೇಟಿನ ಬಳಿ ನಿಂತಳು. ಅತೀಯಾ ಅಮ್ಮನ ದಾರಿ ಕಾಯುತ್ತಾ ಒಬ್ಬಳೇ ಹಗ್ಗ ಹಾರುತ್ತಿದ್ದಳು. “ಬಾಯೀಸ್, ತೇಯೀಸ್, ಚೌಬೀಸ್, ಪಚ್ಚೀಸ್…” ಮನೆಯಲ್ಲಿ ಆಡುವ ಉರ್ದುವಿನಲ್ಲಿ ಎಣಿಕೆ ಒಂದೇ ಸಮನೆ ಸಾಗಿತು. ಐವತ್ತು ದಾಟಿತು, ಅರವತ್ತು ದಾಟಿತು, ಒಂದೂ ತಪ್ಪಲಿಲ್ಲ.

“ಅತೀಯಾ, ಚೌಬೀಸ್ ಅಂದ್ರ ಕನ್ನಡದಾಗ ಎಷ್ಟು?”

“ಇಪ್ಪತ್ನಾಲ್ಕು, ಮಿಸ್.”

“ಬರದು ತೋರ್ಸು ನೋಡೋಣ.”

ಹುಡುಗಿ ಹಗ್ಗ ಬಿಟ್ಟು ಕುಕ್ಕರುಗಾಲಲ್ಲಿ ಕೂತಳು. ಮಣ್ಣಿನ ಮೇಲೆ ಬೆರಳಿನಿಂದ 42 ಎಂದು ಬರೆದಳು.

“ನಾಲ್ಕು ಯಾಕ ಮೊದ್ಲ ಬರದಿ?”

“ಚೌ ಫಸ್ಟ್ ಬರುತ್ತಲ್ಲ ಮಿಸ್. ಬೀಸ್ ಆಮೇಲೆ.”

ಶಶಿರೇಖಾ ಅವಳ ಪಕ್ಕದಲ್ಲೇ ಕೂತುಬಿಟ್ಟಳು. ಕನ್ನಡದಲ್ಲಿ ಮೊದಲು ಇಪ್ಪತ್ತು, ಆಮೇಲೆ ನಾಲ್ಕು. ಇವಳ ಮನೆಮಾತಿನಲ್ಲಿ ಮೊದಲು ನಾಲ್ಕು, ಆಮೇಲೆ ಇಪ್ಪತ್ತು. ಹುಡುಗಿ ಮನಸ್ಸಿನಲ್ಲಿ ಹೇಳಿಕೊಂಡದ್ದನ್ನು ಹೇಳಿಕೊಂಡ ಹಾಗೆಯೇ ಬರೆಯುತ್ತಿದ್ದಳು, ಅಷ್ಟೆ. ಶಶಿರೇಖಾ ಚೀಲದಿಂದ ಪಾಠಕ್ಕೆ ಇಟ್ಟುಕೊಂಡಿದ್ದ ಕಡ್ಡಿಗಳನ್ನೂ ಹತ್ತತ್ತು ಕಡ್ಡಿಯ ಕಟ್ಟುಗಳನ್ನೂ ತೆಗೆದಳು. ಮಣ್ಣಿನಲ್ಲಿ ಎರಡು ಮನೆ ಗೀಚಿದಳು: ಎಡಗಡೆ ಹತ್ತರ ಮನೆ, ಬಲಗಡೆ ಬಿಡಿಯ ಮನೆ. ಬಾಗಲೂರಿನ ಬಸ್ಸು ಬಂತು, ನಿಂತಿತು, ಹೋಯಿತು. ಅವಳು ಏಳಲಿಲ್ಲ.

ಮರುದಿನ ಬೆಳಿಗ್ಗೆ ದಾಕ್ಷಾಯಣಿ ಅತೀಯಾಳ ಕೈ ಹಿಡಿದು ಹೊರಟಾಗ ಶಶಿರೇಖಾ ಅಡ್ಡ ಬಂದಳು. “ಅಕಿ ಇಲ್ಲೇ ಕೂಡ್ಲಿ ಬಿಡ್ರಿ ಮೇಡಂ.”

“ನಿಮ್ಮ ಮಾರ್ಕ್ಸು, ನಿಮ್ಮಿಷ್ಟ ಕಣಮ್ಮ,” ಎಂದರು ದಾಕ್ಷಾಯಣಿ.

ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಡವಾಗಿ ಬಂದ ಉಪನ್ಯಾಸಕ ವೀರಬಸಪ್ಪ ಪಾಠ ಮುಗಿಯುವವರೆಗೂ ಕೂತು ನೋಡಿದರು. ಮುಗಿದ ಮೇಲೆ ಮಕ್ಕಳ ಕಡೆ ಒಮ್ಮೆ ಕಣ್ಣಾಡಿಸಿ ಮುಂದಿನ ಸಾಲಿಗೆ ಬೆರಳು ತೋರಿಸಿದರು. “ನೀನು ಬಾ ಪುಟ್ಟಿ. ಅರವತ್ನಾಲ್ಕು ಬರಿ.” ಬೆರಳು ಅತೀಯಾಳ ಮೇಲಿತ್ತು. ದಾಕ್ಷಾಯಣಿ ಮುಖ ಕಿಟಕಿಯ ಕಡೆ ತಿರುಗಿಸಿದರು.

ಅತೀಯಾಳ ತುಟಿ ಅಲ್ಲಾಡಿತು. “ಚೌಸಠ್.” ಕರಿಹಲಗೆಯ ಮೇಲೆ 4 ಮೂಡಿತು. ವೀರಬಸಪ್ಪನವರ ಪೆನ್ನು ಅಂಕಪಟ್ಟಿಯತ್ತ ಇಳಿಯಿತು. ಆದರೂ ಶಶಿರೇಖಾ ಏನನ್ನೂ ಹೇಳಿಕೊಡಲು ಹೋಗಲಿಲ್ಲ. ಹುಡುಗಿ ಇನ್ನೂ ಚಾಕ್‌ಪೀಸ್ ಕೆಳಗಿಟ್ಟಿರಲಿಲ್ಲ. ಕೈಯನ್ನು ಎಡಕ್ಕೆ ಒಯ್ದಳು. ಅಲ್ಲಿ ಒಂದು ಅಂಕಿಯಷ್ಟು ಜಾಗ ಮೊದಲೇ ಬಿಟ್ಟುಕೊಂಡಿದ್ದಳು. ಅಲ್ಲಿ 6 ಬರೆದಳು.

“ಇದ್ಯಾಕಮ್ಮ, ಹಿಂದಿನಿಂದ ಬರೀತೀಯ?”

“ಹಿಂದಿಂದ ಅಲ್ಲ ಸರ್. ನಮ್ಮನೇಲಿ ಬಿಡಿ ಮೊದ್ಲು ಬರುತ್ತೆ. ಯಾವಾಗ್ ಬಂದ್ರೂ ಅದ್ರ ಜಾಗ ಬಲಗಡೇನೆ.”

ವೀರಬಸಪ್ಪ ಅವಳನ್ನೇ ನೋಡಿದರು, ಹಲಗೆಯನ್ನು ನೋಡಿದರು, ಆಮೇಲೆ ಜೋರಾಗಿ ನಕ್ಕರು. ಅಂಕಪಟ್ಟಿಯಲ್ಲಿ ಬಹಳ ಹೊತ್ತು ಏನೋ ಬರೆದರು.

ಅವರು ಹೋದಮೇಲೆ, ಮಕ್ಕಳು ಊಟಕ್ಕೆ ಓಡಿದರು. ಹಲಗೆ ಒರೆಸಲು ಹೋದ ದಾಕ್ಷಾಯಣಿ ಡಸ್ಟರ್ ಹಿಡಿದು ಹಾಗೆಯೇ ನಿಂತಿದ್ದರು.

“ಹೋದ ವರ್ಷ ಫೈಜಾನ್ ಅಂತ ಒಬ್ಬ ಇದ್ದ,” ಎಂದರು, ತಿರುಗದೆ. “ನಲವತ್ತೆಂಟು ಬರಿ ಅಂದ್ರೆ ಎಂಬತ್ನಾಲ್ಕು ಬರೀತಿದ್ದ. ನಾನು ನೂರು ಸಲ ಬರೆಸ್ದೆ.”