ಬಂದ್ ಮಾಡಿದ ಫೋನ್

ಹೊಲದ ಪಂಪ್‌ಸೆಟ್ ಕೋಣೆಯಲ್ಲಿ ಅತ್ತೆ, ಸೊಸೆ ಸಿಕ್ಕಿಬಿದ್ದಿದ್ದರು. ಗುಡುಗು, ಸಿಡಿಲು, ಜಡಿಮಳೆ; ಹೊರಗೆ ಕಾಲಿಡುವಂತಿರಲಿಲ್ಲ. ಮೊಬೈಲು ಸಿಡಿಲನ್ನು ಕರೆಯುತ್ತದೆ ಎಂದು ಊರೆಲ್ಲ ನಂಬಿತ್ತು. ಮೋಡ ಕಂಡ ಕೂಡಲೇ ಅತ್ತೆ ಸೊಸೆಯ ಫೋನ್ ಬಂದ್ ಮಾಡಿ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಳು.

"ಒಂದ್ಸಲ ಕೊಡ್ರಿ ಅತ್ತಿ. ಆರಾಮ ಅದೀವಿ ಅಂತ ಅವ್ರಿಗೆ ಹೇಳಿ ಮತ್ತ ಬಂದ್ ಮಾಡ್ತೀನಿ."

"ಅಂವ ಮನ್ಯಾಗ ಬೆಚ್ಚಗ ಅದಾನ. ಸುಮ್ನ ಕುಂದ್ರು."

"ಮೊದ್ಲೂ ಹಿಂಗ ಇರ್ತಿತ್ತೇನ್ರಿ?"

"ಮೊದ್ಲ ಅರ್ಜುನನ ಹತ್ತು ಹೆಸರು ಹೇಳಿ ಮುಗಸೂದ್ರಾಗ ಗುಡುಗು ಊರು ದಾಟತಿತ್ತು. ಈಗ ವರ್ಷಾ ವರ್ಷಾ ಬಿಸಿಲೂ ಹೆಚ್ಚು, ಸಿಡಿಲೂ ಹೆಚ್ಚು. ಎಷ್ಟ್ ಸಲ ಹೇಳಿದ್ರೂ ಬಿಡವಲ್ದು."

ಅಷ್ಟರಲ್ಲಿ ಕೋಣೆಯೆಲ್ಲ ಬೆಳ್ಳಗಾಯಿತು. ದಾರಿಯ ಬೇವಿನ ಮರ ಸೀಳಿ ಹೊತ್ತಿಕೊಂಡಿತು.

"ಗಿಡಕ್ಕ ಬಡೀತು," ಎಂದು ಅತ್ತೆ ಕೈ ಮುಗಿದಳು. "ಫೋನ್ ಚಾಲೂ ಇದ್ದಿದ್ರ ನಮಗ ಬಡೀತಿತ್ತು."

ಗುಡುಗು ದೂರವಾದ ಮೇಲೆ ಅವಳೇ ಗಂಟು ಬಿಚ್ಚಿ ಫೋನ್ ಕೊಟ್ಟಳು. ಸೊಸೆ ಚಾಲೂ ಮಾಡಿದೊಡನೆ ಗಂಡ ಆಗಲೇ ಕಳಿಸಿದ್ದ, ಅವನದೇ ದನಿಯ ಮೆಸೇಜೊಂದು ಬಂತು.

"ಎಷ್ಟ್ ಹಚ್ಚಿದ್ರೂ ಫೋನ್ ಹತ್ತವಲ್ದು. ನಿಮ್ಮನ್ನ ಹುಡುಕ್ಕೊಂಡು ಬಂದೀನಿ. ಮಳ್ಯಾಗ ಮುಂದ ಏನೂ ಕಾಣವಲ್ದು, ಬೇವಿನ ಗಿಡದ ತಳಗ ನಿಂತೀನಿ."